ಚುಕ್ಕಿ ನೋಡ್ಲಾಕ ಎಲ್ಲಿ ಹೋಗ್ಬೇಕು? ಕೋಡಿ ಬೆಂಗ್ರೆ, ನೀಲಕಂಠರಾಯನ ಗಡ್ಡಿ, ಚಂದ್ರಂಪಳ್ಳಿ

ಕಲಬುರಗಿನಾಗ ನಮ್ಮ ಮನಿ ಮಾಳಿಗಿ ಮ್ಯಾಲೆ ನಿಂತ್ರ ಕೃತ್ತಿಕೆ ಗೊಂಚಲದಾಗ ನಾಲ್ಕು ಚುಕ್ಕಿ ಕಾಣಿಸ್ತಾವ, ಧೂಳು ಕಮ್ಮಿ ಇದ್ದ ದಿನ ಐದು. ಸರ್ಕಲ್‌ನಾಗ ಹೈಮಾಸ್ಟ್ ಲೈಟ್ ಬಂದ ಮ್ಯಾಲಂತೂ ಆಕಾಶಗಂಗೆ ಮಾತೇ ಬಿಡ್ರಿ. ಅದಕ್ಕ ಒಂದು 10×50 ಬೈನಾಕ್ಯುಲರ್ ಹೆಗಲಿಗೆ ಹಾಕ್ಕೊಂಡು ಮೂರು ಜಾಗ ತಿರುಗಿ ಬಂದೀನಿ, ಮೂರೂ ಕಡೆ ಅಮಾಸಿ ಆಸುಪಾಸಿನ ರಾತ್ರಿನೇ, ಮೂರೂ ಕಡೆ ಒಂದೇ ಪರೀಕ್ಷೆ: ಕೃತ್ತಿಕೆ ಎಷ್ಟು ಎಣಿಸ್ಲಾಕ ಬರ್ತಾವ, ಪುಷ್ಯ ನಕ್ಷತ್ರದ ಹತ್ರ ಇರೋ ಮಸುಕು ಗೊಂಚಲು ಬರಿಗಣ್ಣಿಗೆ ಸಿಗ್ತದೋ ಇಲ್ಲೋ, ದಕ್ಷಿಣದ ಕಡೆ ಆಕಾಶ ಎಷ್ಟು ಕೆಳಗಿನ ತನಕ ತೆರೆದದ.

ಮೊದಲು ಸಮುದ್ರ. ಅಕ್ಕನ ಗಂಡ, ನಮ್ಮ ಮಾಮಾ ಉಡುಪಿನಾಗ ಕೆಲಸಕ್ಕಿದ್ದಾರ, ಮಾರ್ಚ್ ಕೊನಿಗೆ ಅಲ್ಲಿಗೆ ಹೋಗಿದ್ದೆ. ನನ್ನ ಆಸೆ ಸೇಂಟ್ ಮೇರೀಸ್ ದ್ವೀಪದಾಗ ರಾತ್ರಿ ಕಳೀಬೇಕಂತ, ಆದ್ರ ಸಂಜಿಗೆ ಬೋಟ್ ವಾಪಸ್ ಬಂದುಬಿಡ್ತದ, ಉಳಿಲಾಕ ಬಿಡಂಗಿಲ್ಲ. ಮಾಮಾ ಕೋಡಿ ಬೆಂಗ್ರೆಗೆ ಕರ್ಕೊಂಡು ಹೋದ್ರು, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳಿ, ನಡುವ ಉದ್ದಕ್ಕ ಮರಳಿನ ಪಟ್ಟಿ, ಅದ್ರ ಮ್ಯಾಲೆ ಮೀನುಗಾರರ ಮನಿ. ಅಲ್ಲಿಯ ದೊಡ್ಡ ಲಾಭ ಏನಂದ್ರ ಉಡುಪಿ ನಮಗಿಂತ ನಾಲ್ಕು ಡಿಗ್ರಿ ದಕ್ಷಿಣಕ್ಕದ, ಹಂಗಾಗಿ ದಕ್ಷಿಣದ ಅಂಚಿಗೆ ಶಿಲುಬಿ ಆಕಾರದಾಗ ಕಾಣೋ ನಾಲ್ಕು ಚುಕ್ಕಿಯ ತ್ರಿಶಂಕು ನಕ್ಷತ್ರಪುಂಜ ಅಲ್ಲಿ ಅಷ್ಟೇ ಡಿಗ್ರಿ ಮ್ಯಾಲೆ ಏರ್ತದ, ಕೈ ಚಾಚಿ ಹಿಡಿದ್ರ ಎರಡು ಬೆರಳಿಗಿಂತ ಜಾಸ್ತಿ ಅಗಲ. ಹನ್ನೊಂದೂವರೆಗೆ ಪೂರ್ತಿ ಪುಂಜ ನಿಂತಿತ್ತು, ಅದನ್ನ ಅಷ್ಟು ಎತ್ತರದಾಗ ನಾ ಹಿಂದ ನೋಡಿದ್ದೇ ಇಲ್ಲ. ಆದ್ರ ಉಳಿದಿದ್ದು ಮನಸ್ಸಿಗೆ ಬರ್ಲಿಲ್ಲ. ಪಡುವಣದ ಅಂಚಿಗೆ ಮೀನು ಬೋಟಿನ ಲೈಟು ಜಾತ್ರಿ ಅಂಗಡಿ ಸಾಲಿನಂಗ, ದಕ್ಷಿಣಕ್ಕ ಮಲ್ಪೆ ಬಂದರಿನ ಬೆಳಕು, ಮತ್ತ ಗಾಳಿ ತುಂಬ ಉಪ್ಪಿನ ತೇವ ಇರ್ತದಲ್ಲ, ಆ ಬೆಳಕೆಲ್ಲ ಅದ್ರಾಗ ಹರಡಿ ಕೆಳಗಿನ ಆಕಾಶ ಹಾಲು ನೀರು ಕಲಸಿದಂಗ ಆಗ್ತದ. ಅರ್ಧ ತಾಸಿಗೊಮ್ಮೆ ಲೆನ್ಸ್ ಒರಸ್ಬೇಕು, ಒರಸಿದ್ರ ಜಿಡ್ಡು ಇನ್ನಷ್ಟು ಹರಡ್ತದ. ಕೃತ್ತಿಕೆ ಆರು. ಪುಷ್ಯದ ಗೊಂಚಲು ಬೈನಾಕ್ಯುಲರ್ ಇಲ್ಲದ ಸಿಗ್ಲಿಲ್ಲ.

ಇನ್ನ ನಮ್ಮ ಕಡೆಯ ದ್ವೀಪ. ಯಾದಗಿರಿ ಜಿಲ್ಲೆ ಹುಣಸಗಿ ತಾಲ್ಲೂಕಿನ ನೀಲಕಂಠರಾಯನ ಗಡ್ಡಿ, ಕೃಷ್ಣಾ ಹೊಳಿ ಸುತ್ತ ಹರಿಯೋ ನಡುಗಡ್ಡಿ, ನಾರಾಯಣಪುರ ಡ್ಯಾಮಿಂದ ನೀರು ಬಿಟ್ರ ಮಳಿಗಾಲದಾಗ ಪೇಪರ್‌ನಾಗ ಇದ್ರ ಹೆಸರು ಬರ್ತದಲ್ಲ, ಅದೇ. ಎದುರಿನ ದಂಡಿ ಮ್ಯಾಲೆ ನಮ್ಮ ಬೀಗರ ಹೊಲ ಅದ. ಎಳ್ಳಮಾಸಿಗೆ ಚರಗ ಚೆಲ್ಲಲಾಕ, ಅಂದ್ರ ಹೊಲದಾಗ ಪೂಜಿ ಮಾಡಿ ನೈವೇದ್ಯ ಚೆಲ್ಲಲಾಕ, ಕರೆದಿದ್ರು, ಹಗಲು ಭಜ್ಜಿ, ಸಜ್ಜಿ ರೊಟ್ಟಿ, ಕಡಬು ಉಂಡು ರಾತ್ರಿ ಅಲ್ಲೇ ಉಳಿದ್ವಿ. ಚುಕ್ಕಿ ನೋಡೋರಿಗೆ ಇದಕ್ಕಿಂತ ಛಲೋ ಹಬ್ಬ ಇಲ್ಲ, ಅಮಾಸಿನೂ ಹೌದು, ಥಂಡಿ ದಿನದ ಸ್ವಚ್ಛ ಗಾಳಿನೂ ಹೌದು, ಊರವರೆಲ್ಲ ಹೊಲದಾಗೇ ಇರ್ತಾರ.

ಒಂದೇ ತೊಂದ್ರಿ, ರಾತ್ರಿ ತ್ರೀ ಫೇಸ್ ಕರೆಂಟ್ ಬಂತಂದ್ರ ಪಂಪ್‌ಸೆಟ್ ಹತ್ರ ಬಲ್ಬು ಹತ್ತಾವ. ಪಕ್ಕದ ಹೊಲದ ಕಾಕಾಗ ಕೇಳ್ದೆ, "ಕಾಕಾ, ಒಂದು ತಾಸು ಬಲ್ಬ್ ಆರಿಸ್ತೀರೇನ್ರಿ?" ಆರಿಸಿ ತಾವೂ ಬಂದು ಕಂಬಳಿ ಹೊದ್ಕೊಂಡು ಕೂತ್ರು. ಕಣ್ಣು ಕತ್ತಲಿಗೆ ಹೊಂದ್ಲಾಕ ಇಪ್ಪತ್ತು ಮೂವತ್ತು ನಿಮಿಷ ಬೇಕು, ನಡುವ ಮೊಬೈಲ್ ತೆಗೆದ್ರ ಮತ್ತ ಮೊದಲಿಂದ, ಹಂಗಾಗಿ ಟಾರ್ಚಿಗೆ ಕೆಂಪು ಕಾಗದ ಸುತ್ತಿದ್ದೆ. ನಡುನೆತ್ತಿ ಕಡೆ ಏರಿದ್ದ ಮೃಗಶಿರ ತೋರ್ಸಿ ಇದೇ ನಿಮ್ಮ ಮಿರಗ ಅಂದೆ. ಜೂನ್‌ನಾಗ ಮಿರಗ ಮಳಿ ಬರೋ ಹೊತ್ತಿಗೆ ಸೂರ್ಯ ಇದ್ರ ಹತ್ರ ಬಂದಿರ್ತಾನ, ಅದಕ್ಕ ಆಗ ಕಾಣಂಗಿಲ್ಲ, ಈಗ ರಾತ್ರಿಯೆಲ್ಲ ಕಾಣ್ತದ. "ತಮ್ಮಾ, ನೀರು ಹಾಯಿಸ್ಲಾಕ ಬಂದಾಗೆಲ್ಲ ಈ ಮೂರು ಚುಕ್ಕಿ ನೋಡೀನಿ, ಮಿರಗ ಇದೇ ಅಂತ ಗೊತ್ತಿರ್ಲಿಲ್ಲ" ಅಂದ್ರು, ಆಮ್ಯಾಲೆ ಭಾಳ ಹೊತ್ತು ಮಾತಾಡ್ಲಿಲ್ಲ.

ಹನ್ನೆರಡರ ಸುಮಾರಿಗೆ ಅಗಸ್ತ್ಯ ಅನ್ನೋ ದಕ್ಷಿಣದ ಹೊಳಪಿನ ಚುಕ್ಕಿ ಗಡ್ಡಿ ಮ್ಯಾಲೆ ಬಂತು, ಹೊಳಿ ನಿಂತಂಗ ಇತ್ತು, ನೀರಿನಾಗ ಅದ್ರ ಬೆಳಕು ಸಣ್ಣ ದಾರದಂಗ ಇಳಿದಿತ್ತು. ದಕ್ಷಿಣಕ್ಕ ಒಂದು ಮಸುಕು ಹಳದಿ ಬೆಳಕು ಇತ್ತು, ಹಟ್ಟಿ ಗಣಿ ಕಡೆದಿರ್ಬೇಕು, ಆದ್ರೂ ನಸುಕಿನ ಐದಕ್ಕ ತ್ರಿಶಂಕು ನಾಲ್ಕೂ ಚುಕ್ಕಿ ಸಿಕ್ವು. ಕೃತ್ತಿಕೆ ಏಳು, ಪುಷ್ಯದ ಗೊಂಚಲು ಬರಿಗಣ್ಣಿಗೆ ಸಿಕ್ತು. ಒಂದು ಮಾತು, ಕೃಷ್ಣೆನಾಗ ಮೊಸಳಿ ಅದಾವ, ಕತ್ತಲದಾಗ ನೀರಿನ ಅಂಚಿಗೆ ಹೋಗ್ಲೇಬ್ಯಾಡ್ರಿ, ಹೊಲದಾಗೇ ಕೂಡ್ರಿ.

ಮೂರನೇ ಜಾಗ ಚಂದ್ರಂಪಳ್ಳಿ, ನಮ್ಮ ಕಲಬುರಗಿ ಜಿಲ್ಲೆಯ ಚಿಂಚೋಳಿ ವನ್ಯಜೀವಿ ಧಾಮದಾಗ ಬರ್ತದ, 2011ರಾಗ ಘೋಷಣೆ ಆದ ಕಾಡು. ರಾತ್ರಿ ಸುಮ್ಮನ ಒಳಗ ಹೋಗಂಗಿಲ್ಲ, ಅರಣ್ಯ ಇಲಾಖೆ ಕ್ಯಾಂಪಿನಾಗ ಉಳಿಬೇಕು. ಶಿವರಾತ್ರಿ ಮರುದಿನ ಹೋಗಿದ್ವಿ. ನೆತ್ತಿ ಮ್ಯಾಲಿನ ಕತ್ತಲು ಮೂರರಾಗ ಇಲ್ಲೇ ಹೆಚ್ಚು, ಕೃತ್ತಿಕೆ ಒಂಬತ್ತು ಎಣಿಸ್ದೆ, ನನ್ನ ಜೀವನದಾಗ ಅದೇ ಹೆಚ್ಚು. ಎಂಟಕ್ಕ ಪಡುವಣದಾಗ ಬೆಳಕಿನ ಗೋಪುರದಂಗ ಒಂದು ಮಸುಕು ಎದ್ದಿತ್ತು, ಚಿಂಚೋಳಿ ಊರಿನ ಬೆಳಕು ಅಂತ ಬ್ಯಾಸರ ಮಾಡ್ಕೊಂಡೆ. ಒಂದೂವರೆ ತಾಸಿನ ಮ್ಯಾಲೆ ನೋಡಿದ್ರ ಅದು ಹೆಚ್ಚುಕಮ್ಮಿ ಮುಳುಗಿತ್ತು. ಊರಿನ ಬೆಳಕು ಮುಳುಗಂಗಿಲ್ಲಲ್ಲ! ಅದು ಝೋಡಿಯಾಕಲ್ ಲೈಟ್, ಗ್ರಹಗಳ ನಡುವಿನ ಧೂಳಿನ ಮ್ಯಾಲೆ ಬೀಳೋ ಸೂರ್ಯನ ಬೆಳಕು, ಖರೇ ಕತ್ತಲಿದ್ದಲ್ಲೇ ಸರಿಯಾಗಿ ಕಾಣೋದು. ಆದ್ರ ಗುಡ್ಡ, ಗಿಡ ಸುತ್ತ ಇರೋದ್ರಿಂದ ತ್ರಿಶಂಕುವಿನ ಮ್ಯಾಲಿನ ಚುಕ್ಕಿ ಒಂದೇ ಇಣುಕಿತು, ಅದೂ ರಾತ್ರಿ ಎರಡಕ್ಕ.

ನೆತ್ತಿ ಮ್ಯಾಲಿನ ಗೊಂಚಲು, ಮಸುಕು ವಸ್ತು ಬೇಕಾದ್ರ ಚಂದ್ರಂಪಳ್ಳಿ. ಆದ್ರ ವರ್ಷಕ್ಕ ಒಂದೇ ರಾತ್ರಿ ಸಿಗ್ತದಂದ್ರ ನಾ ಕೃಷ್ಣಾ ದಂಡಿಗೇ ಹೋಗ್ತೀನಿ, ದಕ್ಷಿಣ ತೆರೆದದ, ಎರಡು ಚುಕ್ಕಿ ಕಮ್ಮಿ ಬಂದ್ರೂ ಅಡ್ಡಿಲ್ಲ. ತ್ರಿಶಂಕು ಎತ್ತರಕ್ಕ ನೋಡೋ ಹುಚ್ಚಿದ್ದೋರು ಮಾತ್ರ ಸಮುದ್ರಕ್ಕ ಹೋಗ್ರಿ. ಮುಂದಿನ ಎಳ್ಳಮಾಸಿಗೆ ಅವ್ವನೂ ಬರ್ತೀನಿ ಅಂದಾಳ, ಕಾಕಾನ ಸುದ್ದಿ ಕೇಳಿದಾಗಿಂದ ಆಕಿಗೂ ಮಿರಗ ನೋಡಬೇಕಾಗ್ಯದ.