ಲೇಹ್‌ಗೆ ಇಳಿದ ಮರುದಿನವೇ ಬೆಟ್ಟ ಹತ್ತಿಸುವ ಪ್ಯಾಕೇಜ್ ತಗೊಳ್ಳಬೇಡಿ

ಲಡಾಖ್‌ಗೆ ಹೋಗಿ ಲೇಹ್ ಸುತ್ತಮುತ್ತ ಟ್ರೆಕ್ಕಿಂಗ್ ಮಾಡಬೇಕು ಅಂದುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಟ್ರೆಕ್ ಕಂಪನಿಯವರು ಕಳಿಸುವ ಪಟ್ಟಿಯಲ್ಲಿ ಮೊದಲ ದಿನ ವಿಮಾನದಲ್ಲಿ ಲೇಹ್, ಎರಡನೇ ದಿನ ಟ್ರೆಕ್ ಶುರು ಅಂತ ಇದ್ದರೆ ಆ ಪ್ಯಾಕೇಜ್ ಬೇಡ. ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಇಂಥದ್ದೇ ಒಂದು ಪಟ್ಟಿ ನಂಬಿಸಿ ಕರೆದುಕೊಂಡು ಹೋದವರಿಂದ ನನ್ನ ತಮ್ಮನನ್ನು ನಡುರಾತ್ರಿ ಕುದುರೆ ಮೇಲೆ ಕೂರಿಸಿ ಕೆಳಗಿಳಿಸಬೇಕಾಯಿತು.

ನಾವು ಬುಕ್ ಮಾಡಿದ್ದು ಸ್ಟೋಕ್ ಲಾ ಟ್ರೆಕ್. ಲಾ ಅಂದರೆ ಪಾಸ್, ಬೆಟ್ಟಸಾಲನ್ನು ದಾಟುವ ಕಣಿವೆ ದಾರಿ. ಲೇಹ್ ಪೇಟೆಯಿಂದ ದಕ್ಷಿಣಕ್ಕೆ ನೋಡಿದರೆ ಸಿಂಧೂ ನದಿಯ ಆಚೆ ಬೆಟ್ಟಗಳ ಸಾಲು ಕಾಣುತ್ತದೆ. ಅದರಲ್ಲಿ ಎದ್ದು ಕಾಣುವುದು 6,100 ಮೀಟರಿಗೂ ಎತ್ತರದ ಸ್ಟೋಕ್ ಕಾಂಗ್ರಿ. 2020ರಲ್ಲಿ ಅದನ್ನು ಹತ್ತುವವರಿಗೆ ಬಾಗಿಲು ಮುಚ್ಚಿದರು. "ಅದರ ಬದಲು ಈ ಪಾಸ್ ದಾಟಿ, ಸುಲಭ, ಬೇಗ ಮುಗಿಯುತ್ತೆ" ಅಂತ ನಮಗೆ ಇದನ್ನು ಮಾರಿದರು. ಜಿಂಗ್‌ಚೆನ್‌ವರೆಗೆ ಜೀಪು. ಅಲ್ಲಿಂದ ತೊರೆಯ ಪಕ್ಕದ ಇಕ್ಕಟ್ಟು ಕಮರಿಯಲ್ಲಿ ನಡೆದು ರುಂಬಕ್ ಅನ್ನೋ ಪುಟ್ಟ ಊರು. ರಾತ್ರಿ ಅಲ್ಲಿ ಹೋಮ್‌ಸ್ಟೇ. ಬೆಳಗ್ಗೆ 5,000 ಮೀಟರಿಗೆ ಸ್ವಲ್ಪವೇ ಕಡಿಮೆ ಇರುವ ಪಾಸ್ ಹತ್ತಿ ಆ ಕಡೆ ಸ್ಟೋಕ್ ಹಳ್ಳಿಗೆ ಇಳಿಯಬೇಕು. ದಾರಿ ನಿಜಕ್ಕೂ ಚೆಂದ. ಹಿಮಚಿರತೆಗೆ ಹೆಸರಾದ ಹೆಮಿಸ್ ರಾಷ್ಟ್ರೀಯ ಉದ್ಯಾನದ ಒಳಗೇ ಇದೆ. ದಾರಿಯ ಬಗ್ಗೆ ನನ್ನ ತಕರಾರು ಏನೂ ಇಲ್ಲ. ತಕರಾರು ಇರುವುದು ದಿನದ ಲೆಕ್ಕದ ಬಗ್ಗೆ.

ಬುಕ್ ಮಾಡುವ ಮೊದಲೇ ಫೋನ್ ಮಾಡಿ ಕೇಳಿದ್ದೆ, ಲೇಹ್‌ನಲ್ಲಿ ಒಂದೇ ರಾತ್ರಿ ಸಾಕಾ ಅಂತ. ಆ ಕಡೆಯವನು ಒಂದು ಕ್ಷಣವೂ ಯೋಚಿಸಲಿಲ್ಲ. "ಮೇಡಂ, ರುಂಬಕ್‌ನಲ್ಲಿ ಮಲಗೋದೇ ಅಕ್ಲಿಮಟೈಸೇಶನ್, ಎತ್ತರಕ್ಕೆ ಮೈ ಒಗ್ಗಿಸೋದು. ಸುಮ್ನೆ ಲೇಹ್‌ನಲ್ಲಿ ಕೂತು ಹೋಟೆಲ್ ಬಿಲ್ ಯಾಕೆ ಕಟ್ತೀರ? ಟೀಮ್ ಜೊತೆ ಆಕ್ಸಿಜನ್ ಸಿಲಿಂಡರ್, ಆಕ್ಸಿಮೀಟರ್ ಎಲ್ಲ ಇರುತ್ತೆ" ಅಂದ. ಇದನ್ನೇ ಮೆಸೇಜ್‌ನಲ್ಲಿ ಕಳಿಸಿ ಅಂದೆ. ಕಳಿಸಿದ.

ಈ ಮಾತು ಯಾಕೆ ತಪ್ಪು ಅಂತ ಹೇಳಲೇಬೇಕು, ಯಾಕಂದ್ರೆ ಕೇಳೋಕೆ ಸರಿ ಅನ್ನಿಸುತ್ತೆ. ದೆಹಲಿ ಇರುವುದು ಸುಮಾರು 200 ಮೀಟರ್ ಎತ್ತರದಲ್ಲಿ. ವಿಮಾನ ಹತ್ತಿ ಒಂದೂವರೆ ಗಂಟೆಯೊಳಗೆ ಲೇಹ್‌ನಲ್ಲಿ ಇಳಿಯುತ್ತೀರಿ. ಪೇಟೆ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಗಾಳಿಯಲ್ಲಿ ಆಕ್ಸಿಜನ್ ಪಾಲು ಅಲ್ಲೂ ಶೇಕಡಾ 21ರಷ್ಟೇ. ಆದರೆ ಒತ್ತಡ ಕಡಿಮೆ. ಹಾಗಾಗಿ ಒಂದು ಉಸಿರಿಗೆ ಸಿಗುವ ಆಕ್ಸಿಜನ್ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಪಾಲು ಮಾತ್ರ. ದೇಹ ಇದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. ಅದಕ್ಕೇ ವಿಮಾನದಲ್ಲಿ ಬಂದವರು ಕನಿಷ್ಠ 48 ಗಂಟೆ ವಿಶ್ರಾಂತಿ ತಗೊಳ್ಳಿ ಅಂತ ಅಲ್ಲಿನ ಆಡಳಿತವೇ ಹೇಳುತ್ತದೆ.

ಮೋಸ ಇರುವುದು ಇಲ್ಲೇ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು ಅನ್ನೋದು ವೈದ್ಯರ ನಿಯಮ. ರುಂಬಕ್ ಸುಮಾರು 4,000 ಮೀಟರ್. ಲೇಹ್‌ನಿಂದ 500 ಆಯಿತಲ್ವಾ, ನಿಯಮದ ಒಳಗೇ ಇದೆಯಲ್ವಾ ಅಂತ ಕಂಪನಿಯವರು ವಾದ ಮಾಡುತ್ತಾರೆ. ಆದರೆ ಆ ಲೆಕ್ಕ ಶುರುವಾಗಬೇಕಿರುವುದು 3,500ಕ್ಕೆ ದೇಹ ಒಗ್ಗಿದ ಮೇಲೆ. ಹಿಂದಿನ ದಿನವಷ್ಟೇ ದೆಹಲಿಯಿಂದ ಒಂದೇ ಏಟಿಗೆ 3,300 ಮೀಟರ್ ಏರಿ ಬಂದಿರುತ್ತೀರಿ. ಅದನ್ನು ಲೆಕ್ಕಕ್ಕೇ ಹಿಡಿಯದೆ ಮೇಲಿನ 500 ಮಾತ್ರ ತೋರಿಸುತ್ತಾರೆ.

ನಮ್ಮನ್ನಂತೂ ಇಳಿದ ದಿನವೇ ಮಧ್ಯಾಹ್ನ ಶಾಂತಿ ಸ್ತೂಪದ ಮೆಟ್ಟಿಲು ಹತ್ತಿಸಿದರು. ಪ್ಯಾಕೇಜಿನಲ್ಲಿ ಅದು 'ಸೈಟ್‌ಸೀಯಿಂಗ್'. ಮಲಗಿರಬೇಕಾದ ಹೊತ್ತು ಅದು.

ನನ್ನ ತಮ್ಮ ಗಟ್ಟಿ ಆಳು. ವಾರವಾರ ಓಡುತ್ತಾನೆ, ಸಿಗರೇಟ್ ಇಲ್ಲ, ಕುಡಿಯಲ್ಲ. ಇದೆಲ್ಲ ಎತ್ತರದ ಕಾಯಿಲೆಯಿಂದ ಕಾಪಾಡುವುದಿಲ್ಲ, ತಿಳಿದಿರಲಿ. ಗಟ್ಟಿ ಇರುವವರು ಬೇಗ ಬೇಗ ಹತ್ತುವುದರಿಂದ ಅವರಿಗೇ ಅಪಾಯ ಜಾಸ್ತಿ ಆಗಬಹುದು. ರುಂಬಕ್ ತಲುಪುವಾಗಲೇ ಅವನಿಗೆ ತಲೆ ಸಿಡಿಯುತ್ತಿತ್ತು. ಹೋಮ್‌ಸ್ಟೇ ಅಡುಗೆಮನೆಯಲ್ಲಿ ಒಲೆ ಪಕ್ಕ ಕೂತವನು ಥುಕ್ಪಾ (ನೂಡಲ್ಸ್ ಸೂಪ್) ಬಟ್ಟಲು ಮುಟ್ಟಲಿಲ್ಲ. ಎರಡು ಸಲ ವಾಂತಿ ಆಯಿತು. ಗೈಡ್ ಅಂತ ಕಳಿಸಿದ್ದ ಹುಡುಗ, "ಬೆಳ್ಳುಳ್ಳಿ ಸೂಪ್ ಕುಡೀರಿ ಭಯ್ಯಾ, ಬೆಳಗ್ಗೆ ಸರಿ ಹೋಗುತ್ತೆ" ಅಂದ. ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಕೊಡು ಅಂದರೆ ಬೇರೆ ಗುಂಪಿನ ಸಾಮಾನಿನ ಜೊತೆ ಹೋಗಿದೆಯಂತೆ. ಸಿಲಿಂಡರ್ ಅಂತ ಬ್ಯಾಗಿನಿಂದ ತೆಗೆದಿದ್ದು ಅಂಗಡಿಯಲ್ಲಿ ಸಿಗುವ ಸ್ಪ್ರೇ ಡಬ್ಬಿ. ಒತ್ತಿ ಹಿಡಿದರೆ ಕೆಲವೇ ನಿಮಿಷಕ್ಕೆ ಖಾಲಿ. ರಾತ್ರಿಯಿಡೀ ಆಕ್ಸಿಜನ್ ಬೇಕಾದವರಿಗೆ ಅದು ಯಾವ ಮೂಲೆಗೆ?

ತಲೆನೋವು, ವಾಂತಿ ಇದ್ದರೆ ಇನ್ನು ಮೇಲೆ ಹತ್ತಬಾರದು. ಅಷ್ಟು ಗೊತ್ತಿತ್ತು. ನನಗೆ ನಿಜವಾಗಿ ಹೆದರಿಕೆ ಆಗಿದ್ದು ಅವನು ಹೊರಗೆ ಹೋಗಿ ಬರುವಾಗ ಗೋಡೆ ಹಿಡಿದುಕೊಂಡಿದ್ದು ನೋಡಿ. ನೆಲದ ಮೇಲಿನ ಕಂಬಳಿಯ ಅಂಚು ತೋರಿಸಿ, ಒಂದು ಪಾದದ ಹೆಬ್ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನೆಟ್ಟಗೆ ನಡಿ ಅಂದೆ. ಎರಡನೇ ಹೆಜ್ಜೆಗೇ ಪಕ್ಕಕ್ಕೆ ವಾಲಿದ. ಮತ್ತೆ ಪ್ರಯತ್ನಿಸಿದ, ಮತ್ತೆ ವಾಲಿದ. ಈ ಪರೀಕ್ಷೆ ಎಲ್ಲರೂ ಕಲಿತಿರಿ. ಹೀಗೆ ತೂರಾಡುವುದು, ಗೊಂದಲದ ಮಾತು, ಇವು ಮಿದುಳಿನಲ್ಲಿ ನೀರು ತುಂಬುತ್ತಿರುವ ಲಕ್ಷಣ. ಸುಮ್ಮನೆ ಕೂತಿದ್ದರೂ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ತುಂಬುತ್ತಿರಬಹುದು. ಎರಡಕ್ಕೂ ಮೊದಲ ಮದ್ದು ಕೆಳಗಿಳಿಯುವುದು. ಬೆಳಕಾಗಲಿ ಅಂತ ಕಾಯುವ ಹಾಗಿಲ್ಲ.

ಗೈಡ್ ಕಾಯೋಣ ಅಂತಲೇ ಹೇಳುತ್ತಿದ್ದ. ಮನೆಯ ಅಮ್ಮ ಅವನ ಮಾತು ಕೇಳಲಿಲ್ಲ. ಮಗನನ್ನು ಎಬ್ಬಿಸಿದರು. ಆತ ಕುದುರೆ ತಂದ, ತಮ್ಮನನ್ನು ಕೂರಿಸಿ, ಒಂದು ಕಡೆ ಆತ, ಇನ್ನೊಂದು ಕಡೆ ನಾನು, ತಲೆಗೆ ಟಾರ್ಚ್ ಕಟ್ಟಿಕೊಂಡು ಕಮರಿ ಇಳಿದೆವು. ತೊರೆ ದಾಟಬೇಕಾದ ಕಡೆಯೆಲ್ಲ ನೀರು ಮೊಣಕಾಲಿಗಿಂತ ಕೆಳಗೇ ಇತ್ತು, ನಮ್ಮ ಪುಣ್ಯ. ಹಗಲು ಬಿಸಿಲಿಗೆ ಹಿಮ ಕರಗಿ ಮಧ್ಯಾಹ್ನದ ಮೇಲೆ ಅಲ್ಲಿ ನೀರು ಏರುತ್ತದೆ, ರಾತ್ರಿ ಇಳಿಯುತ್ತದೆ. ಜಿಂಗ್‌ಚೆನ್ ಹತ್ತಿರ ಬರುವಾಗ ತಮ್ಮನ ಮಾತು ಸ್ವಲ್ಪ ತಿಳಿಯಾಯಿತು. ಸಿಗ್ನಲ್ ಸಿಕ್ಕಿದ ಜಾಗದಿಂದ ಆ ಅಮ್ಮನ ಮಗನೇ ಗಾಡಿಗೆ ಫೋನ್ ಮಾಡಿದ. ಲೇಹ್ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿ ಇಂಜೆಕ್ಷನ್ ಕೊಟ್ಟರು. ಈಗ ಅವನು ಆರಾಮಾಗಿದ್ದಾನೆ. ಆ ತಾಯಿ ಮಗನ ಋಣ ನಮ್ಮ ಮನೆಯವರ ಮೇಲೆ ಯಾವತ್ತೂ ಇರುತ್ತೆ.

ಕಂಪನಿಯವರು ಒಂದು ರೂಪಾಯಿಯೂ ವಾಪಸ್ ಕೊಟ್ಟಿಲ್ಲ. ಆರೋಗ್ಯದ ಹೊಣೆ ಗ್ರಾಹಕರದ್ದು ಅಂತ ಫಾರ್ಮ್‌ನಲ್ಲಿ ಇದೆಯಂತೆ. ಸಿಲಿಂಡರ್ ಮೆಸೇಜ್ ತೋರಿಸಿದರೆ, ಡಬ್ಬಿಯೂ ಸಿಲಿಂಡರೇ ಅಂತಾರೆ. 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ. ಆ ಮೆಸೇಜ್ ಇಲ್ಲದಿದ್ದರೆ ದೂರಿಗೆ ಆಧಾರವೇ ಇರುತ್ತಿರಲಿಲ್ಲ. ನೀವೂ ಪ್ರತಿ ಮಾತನ್ನೂ ಬರಹದಲ್ಲೇ ತಗೊಳ್ಳಿ. ಸಿಲಿಂಡರ್ ಎಷ್ಟು ಲೀಟರಿನದು, ಅದು ಯಾವ ಊರಲ್ಲಿ ಇರುತ್ತೆ, ಯಾರಿಗಾದರೂ ಆಗದೆ ಹೋದರೆ ಅವರ ಜೊತೆ ಇಳಿಯುವುದು ಯಾರು, ಉಳಿದವರ ಜೊತೆ ಇರುವುದು ಯಾರು, ಗಾಡಿ ಎಲ್ಲಿಗೆ ಬರುತ್ತೆ, ಇಷ್ಟನ್ನು ಕೇಳಿ. ತಡವರಿಸಿದರೆ ಬಿಟ್ಟುಬಿಡಿ.

ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ತಗೊಂಡರೆ ಸಾಕು ಅಂತ ಹೇಳುವವರೂ ಇದ್ದಾರೆ. ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಸಲ, ಹತ್ತುವ ಹಿಂದಿನ ದಿನದಿಂದ ಕೊಡುತ್ತಾರೆ. ದೇಹ ಒಗ್ಗಲು ಅದು ಸಹಾಯ ಮಾಡುತ್ತೆ ನಿಜ, ಆದರೆ ವಿಶ್ರಾಂತಿ ದಿನಗಳಿಗೆ ಬದಲಿ ಅಲ್ಲ. ಸಲ್ಫಾ ಔಷಧಿ ಆಗದವರಂತೂ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಆಕ್ಸಿಮೀಟರ್ ನಿಮ್ಮದೇ ಒಂದು ಇರಲಿ. ಬೆರಳು ಬೆಚ್ಚಗೆ ಮಾಡಿಕೊಂಡು ನೋಡಿ, ತಣ್ಣಗಿದ್ದರೆ ತಪ್ಪು ತೋರಿಸುತ್ತೆ. ನಂಬರ್ ಚೆನ್ನಾಗಿದೆ ಅಂತ ತಲೆನೋವನ್ನು ಕಡೆಗಣಿಸಬೇಡಿ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಗುಂಪಿನಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್ ಇಟ್ಟುಕೊಳ್ಳಿ. ಇನ್ಶೂರೆನ್ಸ್ ತಗೊಳ್ಳುವಾಗ ಎಷ್ಟು ಮೀಟರ್ ಎತ್ತರದವರೆಗೆ ಅನ್ವಯಿಸುತ್ತೆ ಅಂತ ಓದಿ, ಎಷ್ಟೋ ಪಾಲಿಸಿಗಳಲ್ಲಿ ಮಿತಿ ಇರುತ್ತೆ.

ಈಗಾಗಲೇ ಇಂಥ ಪ್ಯಾಕೇಜಿಗೆ ದುಡ್ಡು ಕಟ್ಟಿದ್ದೀರಾ? ಟ್ರೆಕ್ ತಾರೀಖು ಹಾಗೇ ಇರಲಿ, ವಿಮಾನದ ಟಿಕೆಟ್ ಮುಂಚಿನ ದಿನಕ್ಕೆ ಬದಲಿಸಿ. ಕನಿಷ್ಠ ಎರಡು ದಿನ, ಸಾಧ್ಯವಾದರೆ ಮೂರು ದಿನ ಮೊದಲೇ ಲೇಹ್‌ಗೆ ಹೋಗಿ. ಮೊದಲ ದಿನ ಮಲಗಿ, ನೀರು ಕುಡಿಯಿರಿ, ಮದ್ಯ ಮತ್ತು ನಿದ್ರೆ ಮಾತ್ರೆ ಬೇಡ. ಆಮೇಲೆ ಪೇಟೆಯಲ್ಲೇ ನಿಧಾನಕ್ಕೆ ಓಡಾಡಿ. ಟಿಕೆಟ್ ಬದಲಿಸುವ ದುಡ್ಡು, ಹೋಟೆಲ್ ದುಡ್ಡು ನಿಮ್ಮ ಕೈಯಿಂದಲೇ ಹೋಗುತ್ತೆ. ಹೋಗಲಿ.