ಮಾಡ್‌ಬಸ್ ದೋಷ ಹುಡುಕೋದು ಸ್ಕೋಪ್‌ನಲ್ಲೋ, ಲ್ಯಾಪ್‌ಟಾಪ್‌ನಲ್ಲೋ?

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್ ಪಿಎಲ್‌ಸಿ, ಮಾಡ್‌ಬಸ್ ಎಂಬ ಸಂದೇಶ ಪದ್ಧತಿಯಲ್ಲಿ ಕೇಳಿದ್ದಕ್ಕೆ ಮೋಟಾರ್ ನಡೆಸುವ ಡ್ರೈವ್ ಆಗಾಗ ಸರಿಯಾದ ಉತ್ತರ ಕೊಡುತ್ತಿರಲಿಲ್ಲ. "ಯಾವಾಗ ನಿಲ್ತೈತಿ ಹೇಳಾಕ ಬರೂದಿಲ್ರೀ" ಅಂದರು ಅಲ್ಲಿನ ಎಲೆಕ್ಟ್ರಿಷಿಯನ್. ಇಂಥ ದೋಷ ಹಿಡಿಯಲು, ತಂತಿಯ ಸಿಗ್ನಲ್ ತೋರಿಸುವ ಆಸಿಲೋಸ್ಕೋಪ್ (ಸ್ಕೋಪ್) ಮುಂದೆ ದಿನವಿಡೀ ಕೂರಲು ಆಗಲ್ಲ. ಹಾಗಾಗಿ ಪೈಥಾನ್ ಮತ್ತು ಅದರಿಂದ ಉಪಕರಣಗಳ ಜೊತೆ ಮಾತಾಡಿಸುವ ಪೈವೀಸಾ ಲೈಬ್ರರಿ ಬಳಸಿ ಲ್ಯಾಪ್‌ಟಾಪ್‌ನಿಂದಲೇ ಸ್ಕೋಪಿಗೆ ಕಮಾಂಡ್ ಕಳಿಸಿದೆ. ಹುಡುಕುವ ಕೆಲಸವನ್ನು ಸ್ಕೋಪಿಗೇ ಬಿಡಬಹುದು, ಇಲ್ಲವೇ ಸ್ಕೋಪ್ ಹಿಡಿದ ವೇವ್‌ಫಾರ್ಮ್ (ಸಿಗ್ನಲ್‌ನ ಪಾಯಿಂಟ್‌ಗಳು) ತರಿಸಿಕೊಂಡು ಲ್ಯಾಪ್‌ಟಾಪ್‌ನಲ್ಲಿ ಹುಡುಕಬಹುದು. ಎರಡನ್ನೂ ಅದೇ ಲೈನ್ ಮೇಲೆ ಮಾಡಿ ನೋಡಿದೆ.

ವೇಗದಲ್ಲಿ ಸ್ಕೋಪ್‌ನ ಸರ್ಚ್ ಮುಂದು. ಬಸ್ ಯಾವುದು, ಬಾಡ್ (ಸೆಕೆಂಡಿಗೆ ಬಿಟ್) ಎಷ್ಟು, ಯಾವ ಬೈಟ್ ಬೇಕು ಅಂತ ಹೇಳಿದರೆ ಸಾಕು. ಆಮೇಲೆ ಟೆಕ್ಟ್ರಾನಿಕ್ಸ್ ಕಂಪನಿಯ ಸ್ಕೋಪ್‌ನಲ್ಲಿ 'ಸರ್ಚ್:ಸರ್ಚ್1:ಟೋಟಲ್?', ಕೀಸೈಟ್‌ನಲ್ಲಿ ':ಸರ್ಚ್:ಕೌಂಟ್?' ಕೇಳಿದರೆ ಎಷ್ಟು ಸಿಕ್ಕಿವೆ ಅಂತ ಒಂದೇ ಸಂಖ್ಯೆ ಬರುತ್ತದೆ. ಸೊನ್ನೆ ಬಂದರೆ ಆ ರೆಕಾರ್ಡ್ ಬಿಟ್ಟು ಮುಂದಿನದಕ್ಕೆ ಹೋಗಬಹುದು.

ಆದರೆ ಸ್ಕೋಪಿಗೆ ಕಾಣೋದು ಬರೀ ಬೈಟ್, ಮಾಡ್‌ಬಸ್ ಫ್ರೇಮ್ (ಒಂದು ಪೂರ್ತಿ ಸಂದೇಶ) ಅಲ್ಲ. ರಿಜಿಸ್ಟರ್ (ಡ್ರೈವ್‌ನಲ್ಲಿ ಮೌಲ್ಯ ಇಡುವ ಜಾಗ) ಓದುವ ಫಂಕ್ಷನ್ 03 ವಿಫಲವಾದರೆ ಡ್ರೈವ್ ಹೆಕ್ಸ್‌ನಲ್ಲಿ 83 ಅಂತ ಉತ್ತರಿಸುತ್ತದೆ. ನಾನು ಅದನ್ನೇ ಹುಡುಕಲು ಹೇಳಿದೆ. ಯಾವುದೋ ರಿಜಿಸ್ಟರ್‌ನಲ್ಲಿ 131 ಇದ್ದರೆ ಅದೂ ಹೆಕ್ಸ್‌ನಲ್ಲಿ 83ನೇ ಅಲ್ವಾ? ಸಂದೇಶ ಕೆಟ್ಟಿದೆಯಾ ಅಂತ ನೋಡಲು ಕೊನೆಗೆ ಸೇರಿಸುವ ಸಿಆರ್‌ಸಿಯಲ್ಲಿ ಬಂದರೂ ಅಷ್ಟೇ. ಸ್ಕೋಪ್ ಎಲ್ಲವನ್ನೂ ಸೇರಿಸಿ ಎಣಿಸುತ್ತದೆ.

ಲ್ಯಾಪ್‌ಟಾಪ್ ದಾರಿ ನಿಧಾನ, ಆದರೆ ಉತ್ತರ ನಂಬಬಹುದು. 9600 ಬಾಡ್‌ನಲ್ಲಿ ಒಂದು ಬಿಟ್ ಸುಮಾರು 104 ಮೈಕ್ರೊಸೆಕೆಂಡ್. ಬಿಟ್‌ಗೆ ಹತ್ತು ಸ್ಯಾಂಪಲ್ ಅಂದರೂ ಸೆಕೆಂಡಿಗೆ ಒಂದು ಲಕ್ಷದ ಹತ್ತಿರ. 10 ಸೆಕೆಂಡಿನ ರೆಕಾರ್ಡ್ ಬೈನರಿಯಲ್ಲಿ, ಪಾಯಿಂಟ್‌ಗೆ ಒಂದು ಬೈಟ್‌ನಂತೆ, ಸುಮಾರು 1 ಎಂಬಿ. ಆಸ್ಕಿಯಲ್ಲಿ ತರಿಸಿದರೆ ಹಲವು ಪಟ್ಟು ಜಾಸ್ತಿ, ಸುಮ್ನೆ ಕಾಯಬೇಕಾಗುತ್ತದೆ. ಆಮೇಲೆ ಉಚಿತವಾಗಿ ಸಿಗುವ ಸಿಗ್‌ರಾಕ್ ಸಾಫ್ಟ್‌ವೇರ್‌ನಲ್ಲಿ ಬಿಟ್‌ಗಳನ್ನು ಬೈಟ್ ಮಾಡುವ ಯುಆರ್ಟ್ ಡಿಕೋಡರ್, ಅದರ ಮೇಲೆ ಬೈಟ್‌ಗಳನ್ನು ಫ್ರೇಮ್ ಮಾಡುವ ಮಾಡ್‌ಬಸ್ ಡಿಕೋಡರ್. ಮೂರೂವರೆ ಅಕ್ಷರದಷ್ಟು ಹೊತ್ತು ಲೈನ್ ಸುಮ್ಮನಿದ್ದರೆ ಅಲ್ಲಿಗೆ ಫ್ರೇಮ್ ಮುಗಿಯಿತು. ಸಿಆರ್‌ಸಿ ತಾಳೆಯಾಗಿ, ಎರಡನೇ ಬೈಟ್ 83 ಇದ್ದರೆ ಅದೇ ನಿಜವಾದ ದೋಷ. ಮೂರನೇ ಬೈಟ್ ಕಾರಣ ಹೇಳುತ್ತದೆ: 02 ಅಂದರೆ ವಿಳಾಸ ತಪ್ಪು, 06 ಅಂದರೆ ಡ್ರೈವ್ ಬೇರೆ ಕೆಲಸದಲ್ಲಿದೆ. ರಿಪೇರಿಗೆ ಬೇಕಾಗಿರೋದು ಆ ಮೂರನೇ ಬೈಟೇ!

ದಾರಿ ಯಾವುದಾದರೂ ಪೈವೀಸಾದ ಟೈಮ್‌ಔಟ್ ಹೆಚ್ಚಿಸಿಕೊಳ್ಳಿ. ಅದು ತಾನಾಗಿ ಕಾಯೋದು 2 ಸೆಕೆಂಡ್ ಮಾತ್ರ, 10 ಸೆಕೆಂಡಿನ ರೆಕಾರ್ಡ್ ಮುಗಿಯುವ ಮೊದಲೇ ಎರರ್ ಕೊಡುತ್ತದೆ. ಡ್ರೈವ್‌ಗಳ ಹತ್ತಿರ ಯುಎಸ್‌ಬಿ ಆಗಾಗ ಕಡಿದುಹೋಗುತ್ತಿತ್ತು, ಲ್ಯಾನ್ ಕೇಬಲ್ ಗಟ್ಟಿಯಾಗಿ ನಿಂತಿತು.

ಮಾಡ್‌ಬಸ್ ಆದರೆ ನಾನು ಲ್ಯಾಪ್‌ಟಾಪ್ ಕಡೆ. ವಾಹನಗಳಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ ಬಸ್ ಆದರೆ ಸ್ಕೋಪ್‌ನ ಸರ್ಚೇ ಸರಿ. ಅಲ್ಲಿ ಅದಕ್ಕೆ ಐಡಿ, ಎರರ್ ಫ್ರೇಮ್, ಬಾರದ ಆಕ್ನಾಲೆಜ್ ಎಲ್ಲ ಗೊತ್ತಾಗುತ್ತದೆ. 500 ಕೆಬಿಪಿಎಸ್ ಲೈನ್‌ನ 10 ಸೆಕೆಂಡಿಗೆ ಇದೇ ಲೆಕ್ಕದಲ್ಲಿ 5 ಕೋಟಿ ಪಾಯಿಂಟ್, ಅಷ್ಟನ್ನು ಪ್ರತಿ ಸಲ ಎಳೆದು ತರುವುದು ಬೇಡ. ಹಳೆಯ ಸ್ಕೋಪ್ ಕೊಳ್ಳುವವರು ಸೀರಿಯಲ್ ಡಿಕೋಡ್ ಲೈಸೆನ್ಸ್ ಇದೆಯಾ ಅಂತ ಮೊದಲೇ ಕೇಳಿ. ಎಷ್ಟೋ ಮಾಡೆಲ್‌ಗಳಲ್ಲಿ ಅದಕ್ಕೆ ಬೇರೆ ದುಡ್ಡು.