ಹಳೇ ಮನೆಗೆ ವಿನೈಲ್ ನೆಲ ಹಾಕಿಸ್ತೀರಾ? ಸ್ವಲ್ಪ ತಡೀರಿ

ತುಮಕೂರಿನ ಶಿರಾ ಗೇಟ್ ಹತ್ತಿರ ನಮ್ಮದು ತಾತನ ಕಾಲದ ಮನೆ. ರೆಡ್ ಆಕ್ಸೈಡ್ ನೆಲ, ಅಲ್ಲಲ್ಲಿ ಬಿರುಕು ಬಿಟ್ಟಿತ್ತು, ಅಷ್ಟೇ. ತಂಗಿ ನಿಶ್ಚಿತಾರ್ಥಕ್ಕೆ ಮನೆ ನೋಡೋ ಹಾಗಿರಲಿ ಅಂತ ಏಪ್ರಿಲ್‌ನಲ್ಲಿ ಹಾಲ್‌ಗೂ ದೇವರ ಮನೆಗೂ ವಿನೈಲ್ ಶೀಟ್ ಹಾಕಿಸಿದೆ. ಟೈಲ್ಸ್ ಅಂದರೆ ಧೂಳು, ಗಲಾಟೆ, ವಾರಗಟ್ಟಲೆ ಕೆಲಸ. ಇದಾದರೆ ಹಳೇ ನೆಲದ ಮೇಲೇ ಗಮ್ ಹಚ್ಚಿ ಒಂದೇ ದಿನದಲ್ಲಿ ಮುಗಿಸುತ್ತೇವೆ ಅಂದರು ಅಂಗಡಿಯವರು. 320 ಚದರ ಅಡಿಗೆ 24 ಸಾವಿರ. ತೇಗದ ಹಲಗೆ ಥರ ಕಾಣುತ್ತಿತ್ತು, ಬಂದ ನೆಂಟರೆಲ್ಲ ಬಗ್ಗಿ ಮುಟ್ಟಿ ನೋಡಿದ್ದೇ ನೋಡಿದ್ದು.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಮ್ಮ ಕಡೆ ಮಳೆ ಜಾಸ್ತಿ. ಆಗ ಸೋಫಾ ಪಕ್ಕ ಪೂರಿ ಥರ ಒಂದು ಉಬ್ಬು ಎದ್ದಿತು. ಕಾಲಿಟ್ಟರೆ ಪಚಕ್ ಅಂತ ಅಲ್ಲಿ ತಗ್ಗಿ ಇನ್ನೊಂದು ಕಡೆ ಏಳುತ್ತಿತ್ತು. ಆಮೇಲೆ ವಾಸನೆ. ಇಲಿ ಸತ್ತಿರಬೇಕು ಅಂತ ಎರಡು ದಿನ ಅಟ್ಟವೆಲ್ಲ ಹುಡುಕಿದೆವು! ಕೊನೆಗೆ ಮೂಲೆಯಲ್ಲಿ ಬ್ಲೇಡ್ ಹಾಕಿ ಎತ್ತಿದರೆ ಗಮ್ ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಬಂತು, ಶೀಟಿನ ಹಿಂಬದಿ ಪೂರ್ತಿ ಕಪ್ಪು ಬೂಷ್ಟು, ನೆಲದ ಮೇಲೆ ಬೆಳ್ಳಗೆ ಉಪ್ಪು.

ನಮ್ಮಂಥ ಹಳೇ ಮನೆಗಳಲ್ಲಿ ಸಾಮಾನ್ಯವಾಗಿ ನೆಲದ ಕೆಳಗೆ ತೇವ ತಡೆಯೋ ಪ್ಲಾಸ್ಟಿಕ್ ಹಾಳೆ ಇರುವುದಿಲ್ಲ. ಮಣ್ಣಿನ ತೇವ ಕಾಂಕ್ರೀಟಿನ ಸಣ್ಣ ಸಣ್ಣ ರಂಧ್ರಗಳಿಂದ ಮೇಲೆ ಬರುತ್ತಲೇ ಇರುತ್ತದೆ, ಬಂದ ಹಾಗೇ ಗಾಳಿಗೆ ಆರಿಹೋಗುತ್ತದೆ, ಅದಕ್ಕೇ ಇಷ್ಟು ವರ್ಷ ನಮಗೆ ಗೊತ್ತೇ ಆಗಿರಲಿಲ್ಲ. ವಿನೈಲ್ ಅಂದರೆ ಪಿವಿಸಿ, ನೀರಿನ ಪೈಪಿನದೇ ಜಾತಿ, ಮೆತ್ತಗಾಗಲು ಪ್ಲಾಸ್ಟಿಸೈಸರ್ ಅನ್ನೋ ರಾಸಾಯನಿಕ ಸೇರಿಸಿರುತ್ತಾರೆ. ಅಂಗಡಿಯವರು 'ವಾಟರ್‌ಪ್ರೂಫ್ ಸಾರ್' ಅಂದಿದ್ದು ಸುಳ್ಳೇನಲ್ಲ. ಮೇಲಿನ ನೀರನ್ನು ಒಳಗೆ ಬಿಡುವುದಿಲ್ಲ, ಕೆಳಗಿನದನ್ನು ಹೊರಗೂ ಬಿಡುವುದಿಲ್ಲ!

ಹಾಕಿಸಲೇಬೇಕು ಅಂತಿದ್ದರೆ ಮೊದಲು ಒಂದೂವರೆ ಅಡಿ ಉದ್ದ, ಅಷ್ಟೇ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಕಡೆ ಟೇಪ್ ಅಂಟಿಸಿ. ಕಡಿಮೆ ಅಂದರೂ 16 ಗಂಟೆ ಬಿಡಿ. ಎತ್ತಿದಾಗ ಅಡಿಯಲ್ಲಿ ನೀರಿನ ಹನಿ ಇದ್ದರೆ ಅಥವಾ ಅಷ್ಟು ಜಾಗ ಕಪ್ಪಾಗಿದ್ದರೆ ಶೀಟ್ ಅಂಟಿಸಬೇಡಿ. ಇದನ್ನು ಮಳೆಗಾಲದಲ್ಲೇ ಮಾಡಿ. ಏಪ್ರಿಲ್‌ನಲ್ಲಿ ಮಾಡಿದ್ದರೆ ನಮ್ಮ ನೆಲವೂ ಪಾಸಾಗುತ್ತಿತ್ತೇನೋ. ಮಹಡಿ ಮೇಲಿನ ರೂಮಿಗೆ ಮಣ್ಣಿನ ತೇವದ ಕಾಟ ಇಲ್ಲ, ಅಲ್ಲಿ ಹಾಕಿಸಿದರೆ ನಾನು ಬೇಡ ಅನ್ನುವುದಿಲ್ಲ.

ದೇವರ ಮನೆಗಂತೂ ಖಂಡಿತ ಬೇಡ. ಊದುಬತ್ತಿಯ ಕೆಂಡ ಒಂದು ಬಿದ್ದು ಕಡಲೆಕಾಳಿನಷ್ಟು ತೂತಾಗಿತ್ತು. ಬಾಗಿಲ ಬಳಿ ರಬ್ಬರ್ ತಳದ ಕಾಲೊರೆಸು ಹಾಕಿದ್ದ ಕಡೆ ಹಳದಿ ಕಲೆ ನಿಂತಿತ್ತು, ಏನು ಹಾಕಿ ಉಜ್ಜಿದರೂ ಹೋಗಲಿಲ್ಲ. ರಬ್ಬರ್ ಮತ್ತು ವಿನೈಲ್‌ಗೆ ಆಗಿಬರುವುದಿಲ್ಲವಂತೆ, ಇದನ್ನೂ ಯಾರೂ ಹೇಳಿರಲಿಲ್ಲ.

ಅಂಗಡಿಗೆ ಹೋಗಿ ಕೇಳಿದರೆ 'ನಿಮ್ಮ ನೆಲದಲ್ಲಿ ತೇವ ಇದ್ದರೆ ನಾವೇನು ಮಾಡೋಣ ಸಾರ್?' ಅಂದರು. ಅಳತೆಗೆ ಬಂದವರು ಟೇಪ್ ಹಿಡಿದರು, ಕಾಫಿ ಕುಡಿದರು, ತೇವದ ಬಗ್ಗೆ ಒಂದು ಮಾತು ಕೇಳಲಿಲ್ಲ. ಶೀಟ್ ಪೂರ್ತಿ ಕಿತ್ತು ಹಾಕಿದ್ದೇವೆ. ಗಮ್ ಮಾತ್ರ ನೆಲ ಬಿಡುತ್ತಿಲ್ಲ. ಅಮ್ಮ ದಿನಾ ಮಧ್ಯಾಹ್ನ ಪುಟ್ಟಿ ಪಟ್ಟಿ ಹಿಡಿದು ಅಂಗೈಯಗಲ ಕೆರೆಯುತ್ತಾರೆ, ಅಷ್ಟು ಜಾಗದಲ್ಲಿ ಹಳೇ ಕೆಂಪು ಕಾಣುತ್ತದೆ. ಇನ್ನೂ ಅರ್ಧ ಹಾಲ್ ಬಾಕಿ ಇದೆ.